ಇಲ್ಲ ಅಂದರೆ ಇಲ್ಲವೋ, ಗೊತ್ತಿಲ್ಲವೋ? ರಿಲೇಗೆ ಸಮೀಕರಣ ಬರೆಯುವ ಕೆಲಸ

‘ಓವರ್‌ಕರೆಂಟ್ ಮತ್ತು ಅರ್ಥ್ ಫಾಲ್ಟ್‌ಗೆ ಫೀಡರ್ ಟ್ರಿಪ್ ಆಗಬೇಕು.’ ಸಬ್‌ಸ್ಟೇಷನ್ ಕೆಲಸದವರು ದಿನಾ ಆಡುವ ಮಾತು ಇದು. ಕೇಳಿದವರಿಗೆ ಅರ್ಥವೂ ಆಗುತ್ತದೆ: ಓವರ್‌ಕರೆಂಟ್ ಅಂದರೆ ಕರೆಂಟ್ ಮಿತಿ ಮೀರುವುದು, ಅರ್ಥ್ ಫಾಲ್ಟ್ ಅಂದರೆ ಕರೆಂಟ್ ನೆಲಕ್ಕೆ ಹರಿಯುವುದು, ಫೀಡರ್ ಅಂದರೆ ಸಬ್‌ಸ್ಟೇಷನ್‌ನಿಂದ ಊರಿಗೆ ಹೊರಡುವ ಲೈನ್, ಟ್ರಿಪ್ ಅಂದರೆ ಅದು ತಾನಾಗಿ ಕಡಿತವಾಗುವುದು. ಆದರೆ ಇದೇ ಮಾತನ್ನು ಪದಕ್ಕೆ ಪದ ರಿಲೇಗೆ, ಅಂದರೆ ಟ್ರಿಪ್ ಮಾಡಲು ಹೇಳುವ ಪೆಟ್ಟಿಗೆಗೆ, ಬರೆದುಕೊಟ್ಟರೆ ಕೆಲಸ ಕೆಟ್ಟಿತು. ಎರಡು ಫೇಸ್ ತಂತಿ ಗಾಳಿಗೆ ಒಂದಕ್ಕೊಂದು ತಾಗಿದರೆ ಫೀಡರ್ ಟ್ರಿಪ್ ಆಗುವುದಿಲ್ಲ, ಯಾಕೆಂದರೆ ನೆಲಕ್ಕೆ ಕರೆಂಟ್ ಹೋಗಿಲ್ಲ. ತಂತಿ ತುಂಡಾಗಿ ಒಣ ನೆಲದ ಮೇಲೆ ಬಿದ್ದರೂ ಆಗುವುದಿಲ್ಲ, ಯಾಕೆಂದರೆ ಕರೆಂಟ್ ಜಾಸ್ತಿ ಆಗಿಲ್ಲ. ನಾವು ಬಾಯಲ್ಲಿ ‘ಮತ್ತು’ ಅಂದೆವು, ಮನಸ್ಸಿನಲ್ಲಿ ಇದ್ದದ್ದು ‘ಅಥವಾ’.

ಕನ್ನಡದಲ್ಲಿ ಇದನ್ನು ಸರಿಯಾಗಿ ಹೇಳಲು ದಾರಿ ಇದೆ. ‘ಎರಡಕ್ಕೂ ಟ್ರಿಪ್ ಆಗಲಿ’ ಅನ್ನುವುದು ಬೇರೆ, ‘ಎರಡೂ ಇದ್ದರೆ ಟ್ರಿಪ್ ಆಗಲಿ’ ಅನ್ನುವುದು ಬೇರೆ. ಕಿವಿಗೆ ಎರಡೂ ಅಕ್ಕಪಕ್ಕದ ಮಾತುಗಳೇ. ರಿಲೇಗೆ ಲಾಜಿಕ್ ಬರೆಯುವುದು ಅಂದರೆ ಇಂಥ ವ್ಯತ್ಯಾಸಗಳನ್ನು ಹಿಡಿದು ಕೂರಿಸುವ ಕೆಲಸ. ಗಣಿತ ದೊಡ್ಡದೇನಲ್ಲ, ಮೂರೇ ಪದ: ಮತ್ತು, ಅಥವಾ, ಅಲ್ಲ. ಮೊದಲ ಎರಡು ಬೇಗ ಕೈಗೆ ಹತ್ತುತ್ತವೆ. ಮೂರನೆಯದರ ಮುಂದೆ ನಾನು ಈಗಲೂ ಪೆನ್ನು ಕೆಳಗಿಟ್ಟು ಒಂದು ನಿಮಿಷ ಯೋಚಿಸುತ್ತೇನೆ.

ಮೊದಲು ರಿಲೇ ಏನು ಮಾಡುತ್ತದೆ ಅಂತ ನೋಡೋಣ. ಬ್ರೇಕರ್‌ಗೆ ತಾಕತ್ತು ಇದೆ, ಸಾವಿರಾರು ಆಂಪಿಯರ್ ಕರೆಂಟನ್ನು ಕಡಿದು ನಿಲ್ಲಿಸುತ್ತದೆ. ಯಾವಾಗ ಕಡಿಯಬೇಕು ಅನ್ನುವುದು ಮಾತ್ರ ಅದಕ್ಕೆ ತಿಳಿಯದು. ಅದನ್ನು ಹೇಳುವುದು ರಿಲೇ. ಲೈನಿನ ದೊಡ್ಡ ಕರೆಂಟನ್ನು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಇಳಿಸಿ ಸಣ್ಣದು ಮಾಡಿ ಕೊಡುತ್ತದೆ. ರಿಲೇ ಅದನ್ನು ಅಳೆಯುತ್ತಾ ನೂರಾರು ಸಣ್ಣ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳುತ್ತದೆ. ಕರೆಂಟ್ ಇಷ್ಟಕ್ಕಿಂತ ಜಾಸ್ತಿ ಇದೆಯಾ? ವೋಲ್ಟೇಜ್ ಬಿದ್ದಿದೆಯಾ? ಬ್ರೇಕರ್ ಹಾಕಿದೆಯಾ, ಅಂದರೆ ಮುಚ್ಚಿದೆಯಾ? ಹೌದಾದರೆ 1, ಇಲ್ಲವಾದರೆ 0. ಒಂದೊಂದು ಉತ್ತರವೂ ಒಂದೊಂದು ಬಿಟ್.

ಬಿಟ್‌ಗಳ ಹೆಸರು ನೋಡಿ ಹೆದರಬೇಡಿ. ಅಮೆರಿಕದವರು ಬಹಳ ಹಿಂದೆಯೇ ಒಂದೊಂದು ಕೆಲಸಕ್ಕೆ ಒಂದೊಂದು ನಂಬರ್ ಕೊಟ್ಟಿದ್ದಾರೆ, ಜಗತ್ತೆಲ್ಲ ಅದನ್ನೇ ಬಳಸುತ್ತದೆ. 50 ಅಂದರೆ ತಕ್ಷಣ ಕೆಲಸ ಮಾಡುವ ಓವರ್‌ಕರೆಂಟ್. 51 ಅಂದರೆ ಸಮಯ ಕಾದು ಕೆಲಸ ಮಾಡುವ ಓವರ್‌ಕರೆಂಟ್, ಕರೆಂಟ್ ಹೆಚ್ಚಿದಷ್ಟೂ ಬೇಗ. 52 ಬ್ರೇಕರ್. 79 ಆಟೋ ರೀಕ್ಲೋಸ್, ಅಂದರೆ ಟ್ರಿಪ್ ಆದ ಬ್ರೇಕರನ್ನು ತಾನಾಗಿ ಮತ್ತೆ ಹಾಕುವುದು. 86 ಮಾಸ್ಟರ್ ಟ್ರಿಪ್ ರಿಲೇ. ಅದಕ್ಕೆ ಪಿ ಸೇರಿದರೆ ಫೇಸ್, ಜಿ ಸೇರಿದರೆ ಗ್ರೌಂಡ್, ಕೊನೆಗೆ ಟಿ ಬಂದರೆ ‘ಸಮಯ ಮುಗಿಯಿತು’ ಅಂತ. ಹಾಗಾಗಿ 51ಪಿಟಿ ಅಂದರೆ ಫೇಸ್ ಓವರ್‌ಕರೆಂಟ್‌ನ ಕಾಯುವ ಸಮಯ ಮುಗಿದಿದೆ, ಇನ್ನು ಟ್ರಿಪ್ ಮಾಡಬಹುದು. ರಿಲೇಯಲ್ಲಿ ಇವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹಳೆಯ ಸಬ್‌ಸ್ಟೇಷನ್‌ಗಳಲ್ಲಿ ಸಿಡಿಜಿ ರಿಲೇ ನೋಡಿರುತ್ತೀರಿ. ಗಾಜಿನ ಹಿಂದೆ ಒಂದು ತಟ್ಟೆ, ಕರೆಂಟ್ ಜಾಸ್ತಿ ಆದರೆ ಮೆಲ್ಲಗೆ ತಿರುಗುತ್ತದೆ, ತಿರುಗಿ ತಿರುಗಿ ಒಂದು ಕಾಂಟ್ಯಾಕ್ಟ್ ಮುಟ್ಟುತ್ತದೆ. ಅಲ್ಲಿ ಲಾಜಿಕ್ ಎಲ್ಲಿತ್ತು? ಪ್ಯಾನೆಲ್ಲಿನ ಹಿಂದೆ, ವೈರುಗಳಲ್ಲಿ. ಎರಡು ಕಾಂಟ್ಯಾಕ್ಟ್ ಒಂದರ ಹಿಂದೆ ಒಂದು ಜೋಡಿಸಿದರೆ ‘ಮತ್ತು’: ಎರಡೂ ಮುಚ್ಚಿದರೆ ಮಾತ್ರ ಕರೆಂಟ್ ಮುಂದಕ್ಕೆ ಹೋಗುತ್ತದೆ. ಅಕ್ಕಪಕ್ಕ ಜೋಡಿಸಿದರೆ ‘ಅಥವಾ’. ಸಾಮಾನ್ಯವಾಗಿ ಮುಚ್ಚಿರುವ ಕಾಂಟ್ಯಾಕ್ಟ್ ಬಳಸಿದರೆ ‘ಅಲ್ಲ’. ಲಾಜಿಕ್ ಬದಲಾಯಿಸಬೇಕು ಅಂದರೆ ಸ್ಕ್ರೂಡ್ರೈವರ್ ಹಿಡಿದು ಪ್ಯಾನೆಲ್ ಒಳಗೆ ತೂರಿ, ಫೆರೂಲ್ (ವೈರಿನ ತುದಿಯ ಗುರುತಿನ ಉಂಗುರ) ನಂಬರ್ ಓದಿಕೊಂಡು ವೈರ್ ಬಿಚ್ಚಿ ಕಟ್ಟಬೇಕಿತ್ತು. ಒಂದು ಬದಲಾವಣೆಗೆ ಒಂದು ದಿನ.

ಕಾಂಟ್ಯಾಕ್ಟ್‌ಗಳ ಈ ಜೋಡಣೆಯನ್ನು ಸಮೀಕರಣವಾಗಿ ಬರೆಯಬಹುದು ಅಂತ ತೋರಿಸಿದವರಲ್ಲಿ ದೊಡ್ಡ ಹೆಸರು ಕ್ಲಾಡ್ ಶಾನನ್. ಜಾರ್ಜ್ ಬೂಲ್ 1854ರಲ್ಲಿ ತರ್ಕವನ್ನೇ ಬೀಜಗಣಿತದಂತೆ ಬರೆದಿಟ್ಟಿದ್ದ. 1937ರಲ್ಲಿ, 21ರ ಹರೆಯದ ಶಾನನ್ ಎಂಐಟಿಯ ತನ್ನ ಮಾಸ್ಟರ್ಸ್ ಪ್ರಬಂಧದಲ್ಲಿ ಆ ಬೀಜಗಣಿತವನ್ನು ರಿಲೇ ಸರ್ಕ್ಯೂಟ್‌ಗಳಿಗೆ ಹಚ್ಚಿದ. ಒಂದು ತಮಾಷೆ ಇದೆ. ಶಾನನ್ ಸರ್ಕ್ಯೂಟ್ ತೆರೆದಿದ್ದರೆ 1, ಮುಚ್ಚಿದ್ದರೆ 0 ಅಂತ ಇಟ್ಟುಕೊಂಡಿದ್ದ. ಅವನು ಲೆಕ್ಕ ಹಾಕಿದ್ದು ಅಡ್ಡಿಯನ್ನು, ಹರಿವನ್ನಲ್ಲ. ಹಾಗಾಗಿ ಅವನ + ಗುರುತು ಒಂದರ ಹಿಂದೆ ಒಂದು ಜೋಡಿಸುವುದಕ್ಕೆ! ಈಗ ನಾವು ಬರೆಯುವುದಕ್ಕೆ ಪೂರ್ತಿ ಉಲ್ಟಾ. ಅವನ ಪ್ರಬಂಧ ಓದಲು ಕೂತಾಗ ಮೊದಲ ಹತ್ತು ನಿಮಿಷ ನನಗೆ ತಲೆಬುಡ ತಿಳಿದಿರಲಿಲ್ಲ.

ಮುಂದೆ ರಿಲೇಯೊಳಗೇ ಪ್ರೊಸೆಸರ್ ಬಂತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪುಲ್ಮನ್ ಊರಿನಲ್ಲಿ ಎಡ್ಮಂಡ್ ಶ್ವೈಟ್ಜರ್ 1982ರಲ್ಲಿ ಎಸ್‌ಇಎಲ್ ಕಂಪನಿ ಶುರು ಮಾಡಿ, 1984ರಲ್ಲಿ ಎಸ್‌ಇಎಲ್-21 ಅನ್ನುವ ಡಿಜಿಟಲ್ ರಿಲೇ ಮಾರುಕಟ್ಟೆಗೆ ತಂದರು. ಪ್ಯಾನೆಲ್ ಹಿಂದಿನ ವೈರುಗಳ ಬದಲು ಸಮೀಕರಣ ಟೈಪ್ ಮಾಡುವ ಪದ್ಧತಿಗೆ ಆ ಕಂಪನಿ ಇಟ್ಟ ಹೆಸರು ಎಸ್‌ಇಲಾಜಿಕ್. ಬೇರೆ ಕಂಪನಿಗಳೂ ಇದೇ ಕೆಲಸ ಮಾಡುತ್ತವೆ. ಕೆಲವರು ಚಿತ್ರ ಬಿಡಿಸಿ ಗೇಟ್ ಜೋಡಿಸಲು ಕೊಡುತ್ತಾರೆ, ಕೆಲವರು ಸಾಲು ಸಾಲಾಗಿ ಪಟ್ಟಿ ಬರೆಸುತ್ತಾರೆ. ನನಗೆ ಸಮೀಕರಣವೇ ಇಷ್ಟ. ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಚಹಾ ಕುಡಿಯುತ್ತಾ ಓದಬಹುದು, ಹಳೆಯ ಪ್ರತಿಯ ಪಕ್ಕ ಇಟ್ಟು ಏನು ಬದಲಾಗಿದೆ ಅಂತ ನೋಡಬಹುದು.

ಗುರುತುಗಳು ಇಷ್ಟೇ. * ಅಂದರೆ ಮತ್ತು. + ಅಂದರೆ ಅಥವಾ. ! ಅಂದರೆ ಅಲ್ಲ. / ಅಂದರೆ ‘ಈಗ ತಾನೇ 0ಯಿಂದ 1 ಆಯಿತು’. \ ಅಂದರೆ ‘ಈಗ ತಾನೇ 1ರಿಂದ 0 ಆಯಿತು’. ಜೊತೆಗೆ ಆವರಣ. ಹೊಸ ಮಾದರಿಗಳಲ್ಲಿ ಗುರುತಿನ ಬದಲು ಪದಗಳನ್ನೇ ಬರೆಯುತ್ತಾರೆ, ವಿಷಯ ಅದೇ.

ಒಂದು 11 ಕೆವಿ ಫೀಡರ್ ತೆಗೆದುಕೊಳ್ಳೋಣ. ಅದರ ಟ್ರಿಪ್ ಸಮೀಕರಣದ ಹೆಸರು ಟಿಆರ್.

ಟಿಆರ್ = 51ಪಿಟಿ + 51ಜಿಟಿ + 50ಪಿ1 + 50ಜಿ1

50ಪಿ1, 50ಜಿ1ರ ಕೊನೆಯ 1 ಅಂದರೆ ಮೊದಲನೇ ಹಂತ. ನಾಲ್ಕರಲ್ಲಿ ಯಾವುದು 1 ಆದರೂ ಟ್ರಿಪ್. ಆರಂಭದಲ್ಲಿ ಹೇಳಿದ ಮಾತು ಇಲ್ಲಿ ಸರಿಯಾಗಿ ಕೂತಿದೆ. + ಸೇರಿಸಿದಷ್ಟೂ ರಿಲೇ ಚುರುಕಾಗುತ್ತದೆ, ಟ್ರಿಪ್ ಮಾಡಲು ನೆಪ ಜಾಸ್ತಿ. * ಸೇರಿಸಿದಷ್ಟೂ ಹಿಡಿತ ಬರುತ್ತದೆ. ಟ್ರಿಪ್ ಆಗಬೇಕಾದಾಗ ಆಗಬೇಕು, ಆಗಬಾರದಾಗ ಆಗಬಾರದು. ಈ ಎರಡೂ ಒಂದನ್ನೊಂದು ಎಳೆದಾಡುತ್ತವೆ.

ಎರಡನೆಯದು ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ 2012ರ ಜುಲೈ 30 ನೆನಪಿಸಿಕೊಳ್ಳಿ. ರಾತ್ರಿ ಎರಡೂವರೆಯ ಹೊತ್ತಿಗೆ 400 ಕೆವಿ ಬೀನಾ-ಗ್ವಾಲಿಯರ್ ಲೈನ್ ಟ್ರಿಪ್ ಆಯಿತು. ಲೈನಿನಲ್ಲಿ ಫಾಲ್ಟ್ ಇರಲೇ ಇಲ್ಲ. ಲೋಡ್ ವಿಪರೀತ, ವೋಲ್ಟೇಜ್ ಕಡಿಮೆ. ಫಾಲ್ಟ್ ಎಷ್ಟು ದೂರ ಅಂತ ಅಳೆಯುವ ಡಿಸ್ಟನ್ಸ್ ರಿಲೇಯ ಮೂರನೇ ಝೋನ್‌ಗೆ (ಬಹು ದೂರದವರೆಗೆ ನೋಡುವ ಭಾಗ) ಅದು ದೂರದ ಫಾಲ್ಟ್‌ನಂತೆ ಕಂಡಿತು. ಅಲ್ಲಿಂದ ಶುರುವಾಗಿ ಉತ್ತರ ಭಾರತ ಹೆಚ್ಚೂಕಡಿಮೆ ಪೂರ್ತಿ ಕತ್ತಲಾಯಿತು, ಮಾರನೇ ದಿನ ಮತ್ತೊಮ್ಮೆ, ಇನ್ನೂ ದೊಡ್ಡದಾಗಿ. ನಮ್ಮ ಕಡೆ ದೀಪ ಉರಿಯುತ್ತಿತ್ತು, ಯಾಕೆಂದರೆ ದಕ್ಷಿಣದ ಗ್ರಿಡ್ ಆಗ ಅವರ ಗ್ರಿಡ್‌ನ ಜೊತೆ ಒಂದೇ ತಾಳಕ್ಕೆ ಸೇರಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆವಿ ಲೈನ್ ಮೂಲಕ ಸೇರಿತು. ಇಂಥ ಎಡವಟ್ಟಿಗೆ ರಿಲೇಯೊಳಗೆ ಮದ್ದು ಇದೆ. ‘ಮೂರನೇ ಝೋನ್ * !ಲೋಡ್’ ಅನ್ನುವ ಅರ್ಥದ ಒಂದು ತುಂಡು: ಝೋನ್ ಹೌದು ಅನ್ನಲಿ, ಆದರೆ ಅದು ಲೋಡಿನಂತೆ ಕಾಣುತ್ತಿದ್ದರೆ ಸುಮ್ಮನಿರು.

ಫೀಡರ್‌ಗೆ ಬರೋಣ. ಒಂದು ಫೀಡರ್‌ನಲ್ಲಿ ಹತ್ತಾರು ಟಿಸಿಗಳು (ಬೀದಿಯ ಟ್ರಾನ್ಸ್‌ಫಾರ್ಮರ್‌ಗಳು). ಗಂಟೆಗಟ್ಟಲೆ ಕರೆಂಟ್ ಇಲ್ಲದೆ ಇದ್ದು ಒಮ್ಮೆಲೇ ಚಾರ್ಜ್ ಮಾಡಿದರೆ (ಲೈನಿಗೆ ಕರೆಂಟ್ ಕೊಟ್ಟರೆ) ಎಲ್ಲ ಟಿಸಿಗಳೂ ಒಟ್ಟಿಗೆ ಗಬಗಬ ಕರೆಂಟ್ ಎಳೆಯುತ್ತವೆ. ಇದು ಫಾಲ್ಟ್ ಅಲ್ಲ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಈ ಕರೆಂಟಿನಲ್ಲಿ ಎರಡನೇ ಹಾರ್ಮೋನಿಕ್ (ಎರಡು ಪಟ್ಟು ಬೇಗ ಏರಿಳಿಯುವ ಅಲೆ) ಜಾಸ್ತಿ ಇರುತ್ತದೆ, ರಿಲೇ ಅದನ್ನು ಗುರುತು ಹಿಡಿದು ಒಂದು ಬಿಟ್ ಕೊಡುತ್ತದೆ, ಎಚ್‌ಬಿ2 ಅನ್ನೋಣ. ಆ ಹೊತ್ತಿನಲ್ಲಿ ತಕ್ಷಣದ 50ಗಳು ತೆಪ್ಪಗಿರಲಿ ಅಂತ ಒಬ್ಬರು ಹೀಗೆ ಬರೆದರು:

ಟಿಆರ್ = 51ಪಿಟಿ + 51ಜಿಟಿ + 50ಪಿ1 + 50ಜಿ1 * !ಎಚ್‌ಬಿ2

ನೋಡಲು ಸರಿಯಾಗೇ ಇದೆ, ಅಲ್ವಾ? ಶಾಲೆಯಲ್ಲಿ ಕೂಡುವುದಕ್ಕಿಂತ ಮೊದಲು ಗುಣಿಸಬೇಕು ಅಂತ ಹೇಳಿಕೊಟ್ಟಿದ್ದಾರೆ. ರಿಲೇಯಲ್ಲೂ ಹಾಗೇ. ಮೊದಲು ಆವರಣ, ಆಮೇಲೆ !, ಆಮೇಲೆ *, ಕೊನೆಗೆ +. ಹಾಗಾಗಿ !ಎಚ್‌ಬಿ2 ತಡೆಯುವುದು 50ಜಿ1ನ್ನು ಮಾತ್ರ. 50ಪಿ1 ಯಾರ ಹಂಗೂ ಇಲ್ಲದೆ ಟ್ರಿಪ್ ಮಾಡುತ್ತದೆ. ಬೇಕಿದ್ದದ್ದು ಇದು:

ಟಿಆರ್ = 51ಪಿಟಿ + 51ಜಿಟಿ + (50ಪಿ1 + 50ಜಿ1) * !ಎಚ್‌ಬಿ2

ಈ ತಪ್ಪಿನ ಕೆಟ್ಟ ಗುಣ ಅಂದರೆ ಅದು ತಪ್ಪಿನಂತೆ ಕಾಣುವುದಿಲ್ಲ. ಫೀಡರ್ ಚಾರ್ಜ್ ಮಾಡಿದಾಗೆಲ್ಲ ಟ್ರಿಪ್ ಆಗುತ್ತದೆ. ಯಾರೋ ‘50ರ ಸೆಟ್ಟಿಂಗ್ ಕಡಿಮೆ ಆಯ್ತು, ಏರಿಸಿ’ ಅನ್ನುತ್ತಾರೆ. ಏರಿಸಿದರೆ ಟ್ರಿಪ್ ನಿಲ್ಲುತ್ತದೆ, ಎಲ್ಲರಿಗೂ ಖುಷಿ. ಆದರೆ ಈಗ ಫೀಡರ್‌ನ ಅರ್ಧ ದಾರಿಯ ಫಾಲ್ಟ್‌ಗಳು ತಕ್ಷಣ ಟ್ರಿಪ್ ಆಗುವುದಿಲ್ಲ, 51 ಎಣಿಸಿ ಮುಗಿಸುವವರೆಗೂ ತಂತಿ ಕಾಯುತ್ತಿರುತ್ತದೆ. ಎರಡು ಆವರಣ ಮರೆತದ್ದಕ್ಕೆ.

ಟಿಆರ್ 1 ಆದ ಮೇಲೆ ಏನಾಗುತ್ತದೆ ಅನ್ನುವುದೂ ಬರೆಯಬೇಕು. ಬ್ರೇಕರ್ ತೆರೆಸುವ ಟ್ರಿಪ್ ಕಾಯಿಲ್‌ಗೆ ಬ್ಯಾಟರಿಯಿಂದ ಡಿಸಿ ಹೋಗುತ್ತದೆ, ನಮ್ಮ ಬಹಳಷ್ಟು ಸಬ್‌ಸ್ಟೇಷನ್‌ಗಳಲ್ಲಿ 110 ವೋಲ್ಟ್. ಆ ಕಾಯಿಲ್ ಕರೆಂಟನ್ನು ನಿಲ್ಲಿಸಬೇಕಾದ್ದು ಬ್ರೇಕರ್‌ನ ಆಕ್ಸಿಲರಿ ಕಾಂಟ್ಯಾಕ್ಟ್ 52ಎ (ಬ್ರೇಕರ್ ಹಾಕಿದ್ದರೆ ಮುಚ್ಚಿರುವ, ತೆರೆದರೆ ತೆರೆಯುವ ಕಾಂಟ್ಯಾಕ್ಟ್). ರಿಲೇಯ ಪುಟ್ಟ ಕಾಂಟ್ಯಾಕ್ಟ್ ಅದನ್ನು ಕಡಿಯಲು ಹೋದರೆ ಕಿಡಿ ಹಾರಿ ಸುಟ್ಟುಹೋಗುತ್ತದೆ. ಅದಕ್ಕೇ ರಿಲೇ ಒಮ್ಮೆ ಟ್ರಿಪ್ ಕೊಟ್ಟರೆ ಹಿಡಿದೇ ಇರುತ್ತದೆ. ಕನಿಷ್ಠ ಇಷ್ಟು ಹೊತ್ತು ಅಂತ ಒಂದು ಟೈಮರ್ ಇದೆ. 9 ಸೈಕಲ್ (ಎಸಿ ಕರೆಂಟಿನ ಒಂಬತ್ತು ಏರಿಳಿತ) ಇಟ್ಟರೆ ನಮ್ಮ 50 ಹರ್ಟ್ಸ್‌ಗೆ 180 ಮಿಲಿಸೆಕೆಂಡ್. ಅದಾದ ಮೇಲೆ ಬಿಡುವುದಕ್ಕೆ ಬೇರೆ ಸಮೀಕರಣ, ಹೆಸರು ಯುಎಲ್‌ಟಿಆರ್. ‘ಕರೆಂಟ್ ಇಲ್ಲ, ಬ್ರೇಕರ್ ಹಾಕಿಲ್ಲ, ಎರಡೂ ಖಾತ್ರಿಯಾದರೆ ಬಿಡು’:

ಯುಎಲ್‌ಟಿಆರ್ = !(50ಎಲ್ + 52ಎ)

50ಎಲ್ ಅಂದರೆ ಸಣ್ಣ ಕರೆಂಟ್ ಇದ್ದರೂ 1 ಆಗುವ ಬಿಟ್. ಇದನ್ನೇ !50ಎಲ್ * !52ಎ ಅಂತಲೂ ಬರೆಯಬಹುದು. ಆವರಣ ಒಡೆದು ! ಒಳಗೆ ಹೋದಾಗ + ಹೋಗಿ * ಆಗುತ್ತದೆ. ಈ ನಿಯಮಕ್ಕೆ ಹೆಸರು ಕೊಟ್ಟ ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು ಮದುರೈಯಲ್ಲಿ, 1806ರಲ್ಲಿ. ಹೊಸಬರು + ಹಾಗೇ ಬಿಟ್ಟು !50ಎಲ್ + !52ಎ ಅಂತ ಬರೆಯುತ್ತಾರೆ. ಆಗ ಏನಾಗುತ್ತದೆ? ಬ್ರೇಕರ್ ಒಳಗಿನ ಆರ್ಕ್ (ಕಿಡಿ) ಆರಿತು, 50ಎಲ್ 0 ಆಯಿತು. ಮೆಕಾನಿಸಂ ಗ್ರೀಸ್ ಒಣಗಿ ನಿಧಾನ ಆಗಿದೆ, 52ಎ ಇನ್ನೂ ತೆರೆದಿಲ್ಲ. ಒಂದು ಸಾಕು ಅಂತ ರಿಲೇ ಟ್ರಿಪ್ ಕೈಬಿಡುತ್ತದೆ, ಕಾಯಿಲ್ ಕರೆಂಟ್ ಪೂರ್ತಿ ಅದರ ಪುಟ್ಟ ಕಾಂಟ್ಯಾಕ್ಟ್ ಮೇಲೆ.

ಇಲ್ಲಿಯವರೆಗೆ ಸಮಯದ ಮಾತು ಹೆಚ್ಚು ಬರಲಿಲ್ಲ. ಬೂಲ್‌ನ ಬೀಜಗಣಿತದಲ್ಲಿ ಗಡಿಯಾರ ಇಲ್ಲ. ರಿಲೇಯಲ್ಲಿ ಗಡಿಯಾರ ಇಲ್ಲದೆ ಒಂದು ದಿನವೂ ನಡೆಯುವುದಿಲ್ಲ. ಬ್ರೇಕರ್ ಫೇಲ್ಯೂರ್ ನೋಡಿ. ಟ್ರಿಪ್ ಕೊಟ್ಟಾಯಿತು, ಬ್ರೇಕರ್ ತೆರೆಯಲಿಲ್ಲ. ಆಗ ಕರೆಂಟ್ ಬರುವ ಕಡೆಯ ಹಿಂದಿನ ಬ್ರೇಕರ್‌ಗಳನ್ನೆಲ್ಲ ತೆರೆಯಬೇಕು. ಟ್ರಿಪ್ ಇದೆ, ಕರೆಂಟೂ ಇದೆ ಅಂದ ಮಾತ್ರಕ್ಕೆ ಫೇಲ್ಯೂರ್ ಅಲ್ಲ. ಪ್ರತಿ ಸಲ ಟ್ರಿಪ್ ಆಗುವಾಗಲೂ ಮೊದಲ ಕೆಲವು ಮಿಲಿಸೆಕೆಂಡ್ ಎರಡೂ ಇರುತ್ತವೆ. ಕಾದು ನೋಡಬೇಕು.

ಎಸ್‌ವಿ1 = ಟ್ರಿಪ್ * 50ಬಿಎಫ್
ಎಸ್‌ವಿ1ಪಿಯು = 10 ಸೈಕಲ್
ಎಸ್‌ವಿ1ಡಿಒ = 0
ಔಟ್104 = ಎಸ್‌ವಿ1ಟಿ

ಎಸ್‌ವಿ1 ಅನ್ನುವುದು ನಮಗೆ ಬೇಕಾದಂತೆ ಬಳಸಿಕೊಳ್ಳಲು ಕೊಟ್ಟ ಒಂದು ಟೈಮರ್. 50ಬಿಎಫ್ ಅಂದರೆ ಬ್ರೇಕರ್‌ನಲ್ಲಿ ಇನ್ನೂ ಕರೆಂಟ್ ಇದೆ ಅನ್ನುವ ಬಿಟ್. ಪಿಯು ಅಂದರೆ 1 ಆಗಲು ಕಾಯುವ ಸಮಯ, ಡಿಒ ಅಂದರೆ 0 ಆಗಲು ಕಾಯುವ ಸಮಯ. ಔಟ್104 ಹಿಂದಿನ ಬ್ರೇಕರ್‌ಗಳಿಗೆ ಟ್ರಿಪ್ ಕೊಡುವ ಔಟ್‌ಪುಟ್. ಸಮೀಕರಣ ಬಿಡದೆ 10 ಸೈಕಲ್ 1 ಆಗಿದ್ದರೆ ಎಸ್‌ವಿ1ಟಿ 1 ಆಗುತ್ತದೆ. ನಡುವೆ ಒಮ್ಮೆ 0 ಆದರೆ ಎಣಿಕೆ ಮತ್ತೆ ಮೊದಲಿನಿಂದ. 10 ಸೈಕಲ್ ಎಲ್ಲಿಂದ ಬಂತು? ಬ್ರೇಕರ್ ಕರೆಂಟ್ ಕಡಿಯಲು ಸುಮಾರು 60 ಮಿಲಿಸೆಕೆಂಡ್, ಕರೆಂಟ್ ಹೋಯಿತು ಅಂತ ರಿಲೇಗೆ ತಿಳಿಯಲು ಇನ್ನೊಂದು 20-30, ಉಳಿದದ್ದು ಮನಸ್ಸಿನ ಸಮಾಧಾನಕ್ಕೆ. ಒಟ್ಟು 200. ಇಲ್ಲಿ ಒಂದು ಹಳ್ಳ ಇದೆ. ಹಲವು ಮಾದರಿಗಳಲ್ಲಿ ಟೈಮರ್ ಕೊಡುವುದು ಸೈಕಲ್‌ನಲ್ಲಿ, ಸೆಕೆಂಡ್‌ನಲ್ಲಲ್ಲ. ಅಮೆರಿಕದ ಉದಾಹರಣೆಯಲ್ಲಿ 12 ಸೈಕಲ್ ಅಂತ ಇದ್ದರೆ ಅವರ 60 ಹರ್ಟ್ಸ್‌ಗೆ 200 ಮಿಲಿಸೆಕೆಂಡ್. ಸುಮ್ನೆ ನಕಲು ಮಾಡಿದರೆ ಇಲ್ಲಿ ಅದು 240.

ಬ್ರೇಕರ್ ತೆರೆದಿದೆಯಾ ಅಂತ 52ಎ ಕೇಳಬಹುದಲ್ಲ, ಕರೆಂಟ್ ಯಾಕೆ ನೋಡಬೇಕು? 52ಎ ಮೆಕಾನಿಸಂಗೆ ಕಟ್ಟಿದ ಕಾಂಟ್ಯಾಕ್ಟ್. ರಾಡ್ ಚಲಿಸಿತು ಅಂತ ಹೇಳುತ್ತದೆ, ಒಳಗೆ ಕರೆಂಟ್ ನಿಂತಿತು ಅಂತ ಅಲ್ಲ. ಕರೆಂಟ್ ಸುಳ್ಳು ಹೇಳುವುದು ಅಪರೂಪ. ಆದರೆ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಗ್ಯಾಸ್ ಎದ್ದರೆ ಆಗುವ ಬುಕ್ಹೋಲ್ಟ್ಸ್ ಟ್ರಿಪ್‌ನಂಥ ಕಡೆ ಕರೆಂಟೇ ಅಷ್ಟಾಗಿ ಇರುವುದಿಲ್ಲ. ಅಲ್ಲಿ 52ಎಯನ್ನೇ ನಂಬಬೇಕು.

ಇನ್ನು ನೆನಪಿನ ವಿಷಯ. ರಿಲೇಯ ಮುಖದಲ್ಲಿ ಒಂದು ಬಟನ್ ಇದೆ, ಪಿಬಿ1. ಒಂದು ಸಲ ಒತ್ತಿದರೆ ರೀಕ್ಲೋಸ್ ಆನ್, ಇನ್ನೊಂದು ಸಲ ಒತ್ತಿದರೆ ಆಫ್. ಬಟನ್ ಬಿಟ್ಟ ಮೇಲೂ ನೆನಪಿರಬೇಕು, ಅದಕ್ಕೆ ಲ್ಯಾಚ್ ಇದೆ, ಅದರ ಬಿಟ್ ಎಲ್‌ಟಿ1. ಸಪ್ಲೈ ಹೋಗಿ ಬಂದರೂ ಇದು ಮರೆಯುವುದಿಲ್ಲ.

ಸೆಟ್1 = /ಪಿಬಿ1 * !ಎಲ್‌ಟಿ1
ರೀಸೆಟ್1 = /ಪಿಬಿ1 * ಎಲ್‌ಟಿ1

ಆಫ್ ಇದ್ದಾಗ ಒತ್ತಿದರೆ ಸೆಟ್, ಆನ್ ಇದ್ದಾಗ ಒತ್ತಿದರೆ ರೀಸೆಟ್. ಆ ಸಣ್ಣ / ಗುರುತು ತೆಗೆದುಬಿಟ್ಟರೆ ಏನಾಗುತ್ತದೆ ನೋಡಿ. ಇಂಥ ರಿಲೇ ಕಾಲು ಸೈಕಲ್‌ಗೆ ಒಮ್ಮೆ, ಅಂದರೆ 5 ಮಿಲಿಸೆಕೆಂಡ್‌ಗೆ ಒಮ್ಮೆ ಎಲ್ಲ ಸಮೀಕರಣಗಳನ್ನೂ ಮೇಲಿಂದ ಕೆಳಗೆ ಓದುತ್ತದೆ. ನಿಮ್ಮ ಬೆರಳು ಬಟನ್ ಮೇಲೆ 300 ಮಿಲಿಸೆಕೆಂಡ್ ಇದ್ದರೆ 60 ಸಲ ಓದಾಯಿತು. ಆನ್, ಆಫ್, ಆನ್, ಆಫ್. ಬೆರಳು ತೆಗೆದ ಕ್ಷಣಕ್ಕೆ ಯಾವುದು ಇತ್ತೋ ಅದೇ ಗತಿ. / ಇದ್ದರೆ ಬಟನ್ ಒತ್ತಿದ ಮೊದಲ 5 ಮಿಲಿಸೆಕೆಂಡ್ ಮಾತ್ರ 1, ಆಮೇಲೆ ಎಷ್ಟು ಹೊತ್ತು ಒತ್ತಿ ಹಿಡಿದರೂ 0.

ಇದೇ ಓದುವ ಕ್ರಮದಿಂದ ಇನ್ನೊಂದು ಸೂಕ್ಷ್ಮ ಬರುತ್ತದೆ. ಮೇಲಿನ ಸಮೀಕರಣ ಕೆಳಗಿನದರ ಉತ್ತರವನ್ನು ಕೇಳಿದರೆ, ಸಿಗುವುದು ಹಿಂದಿನ ಸುತ್ತಿನ ಹಳೆಯ ಉತ್ತರ. 5 ಮಿಲಿಸೆಕೆಂಡ್ ತಡ. ಹೆಚ್ಚಿನ ಕಡೆ ಲೆಕ್ಕಕ್ಕಿಲ್ಲ, / ಗುರುತು ಸೇರಿದ ಕಡೆ ಮಾತ್ರ ಕೆಲವೊಮ್ಮೆ ಇಡೀ ಮಧ್ಯಾಹ್ನ ತಿಂದುಹಾಕುತ್ತದೆ.

ಈಗ ‘ಅಲ್ಲ’ದ ವಿಷಯಕ್ಕೆ ಬರುತ್ತೇನೆ.

ರಿಲೇಗೆ ಹೊರಗಿನ ಸುದ್ದಿ ತಿಳಿಯುವುದು ಇನ್‌ಪುಟ್ ಮೂಲಕ. ಎಲ್ಲೋ ಒಂದು ಕಾಂಟ್ಯಾಕ್ಟ್ ಮುಚ್ಚಿದರೆ ಡಿಸಿ ಬಂದು ಇನ್‌ಪುಟ್‌ಗೆ ತಾಗುತ್ತದೆ, ಬಿಟ್ 1. ಡಿಸಿ ಬರದಿದ್ದರೆ 0. ಕಾಂಟ್ಯಾಕ್ಟ್ ತೆರೆದಿದೆ, ಅದಕ್ಕೇ ಬರಲಿಲ್ಲ: ಇದು ‘ಇಲ್ಲ’. ವೈರ್ ಕಳಚಿದೆ, ಫ್ಯೂಸ್ ಹೋಗಿದೆ, ಅದಕ್ಕೇ ಬರಲಿಲ್ಲ: ಇದು ‘ಗೊತ್ತಿಲ್ಲ’. ರಿಲೇಗೆ ಎರಡೂ ಒಂದೇ, 0. ಮನೆಯೊಳಗಿಂದ ಉತ್ತರ ಬರಲಿಲ್ಲ ಅಂದರೆ ಯಾರೂ ಇಲ್ಲ ಅಂತಲೂ ಇರಬಹುದು, ಬೆಲ್ ಕೆಟ್ಟಿದೆ ಅಂತಲೂ ಇರಬಹುದು. ನಾವು ಒಂದು ಸಲ ಬಾಗಿಲು ತಟ್ಟಿ ನೋಡುತ್ತೇವೆ. ರಿಲೇ ತಟ್ಟುವುದಿಲ್ಲ.

11 ಕೆವಿ ಬಸ್‌ಗೆ (ಎಲ್ಲ ಫೀಡರ್‌ಗಳೂ ಹೊರಡುವ ಲೋಹದ ಪಟ್ಟಿ) ಒಂದು ಅಗ್ಗದ, ಚೆಂದದ ರಕ್ಷಣೆ ಇದೆ. ಬಸ್‌ಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್‌ನ, ಅಂದರೆ ಬ್ಯಾಂಕ್‌ನ, ಬ್ರೇಕರ್ ರಿಲೇಗೆ ಫಾಲ್ಟ್ ಕರೆಂಟ್ ಕಾಣುತ್ತದೆ. ಯಾವುದಾದರೂ ಫೀಡರ್‌ನ ರಿಲೇಗೂ ಕಂಡರೆ ಫಾಲ್ಟ್ ಹೊರಗಿದೆ, ಫೀಡರ್ ನೋಡಿಕೊಳ್ಳುತ್ತದೆ. ಯಾವ ಫೀಡರ್‌ಗೂ ಕಾಣದಿದ್ದರೆ ಫಾಲ್ಟ್ ಬಸ್ಸಿನಲ್ಲೇ ಇದೆ. ಎಲ್ಲ ಫೀಡರ್‌ಗಳೂ ‘ನನಗೆ ಕಂಡಿತು’ ಅನ್ನುವ ಕಾಂಟ್ಯಾಕ್ಟ್‌ಗಳನ್ನು ಒಂದೇ ವೈರಿಗೆ ಸೇರಿಸಿ ಬ್ಯಾಂಕ್ ರಿಲೇಯ ಇನ್105ಕ್ಕೆ ತರುತ್ತವೆ.

ಎಸ್‌ವಿ2 = 50ಪಿ2 * !ಇನ್105
ಎಸ್‌ವಿ2ಪಿಯು = 4 ಸೈಕಲ್

50ಪಿ2 ಅಂದರೆ ಬ್ಯಾಂಕ್ ರಿಲೇಗೆ ಫಾಲ್ಟ್ ಕಂಡಿತು ಅನ್ನುವ ಬಿಟ್. ಫೀಡರ್‌ಗಳು ಮಾತಾಡಲಿ ಅಂತ 80 ಮಿಲಿಸೆಕೆಂಡ್ ಕಾದು, ಆಮೇಲೆ ಬ್ಯಾಂಕ್ ಟ್ರಿಪ್. ಆ ವೈರ್ ಕಡಿದುಹೋದರೆ? ಯಾವುದೋ ಐಪಿ ಸೆಟ್ (ನೀರಾವರಿ ಪಂಪ್) ಫೀಡರ್‌ನಲ್ಲಿ ಕೊಂಬೆ ಬಿದ್ದರೂ ಇಡೀ ಬ್ಯಾಂಕ್ ಹೋಗುತ್ತದೆ. ಹತ್ತು ಫೀಡರ್ ಕತ್ತಲು, ಬೈಗುಳ, ಫೋನ್ ಮೇಲೆ ಫೋನ್. ಅನ್ಯಾಯವೇ ಸರಿ, ಆದರೆ ಯಾರ ಜೀವಕ್ಕೂ ಅಪಾಯ ಇಲ್ಲ. ಇದನ್ನು ತಿಳಿದೇ ಜನ ಒಪ್ಪಿಕೊಳ್ಳುತ್ತಾರೆ, ಯಾಕೆಂದರೆ ಉಲ್ಟಾ ಬರೆದರೆ ವೈರ್ ಕಡಿದ ದಿನ ಬಸ್ ಫಾಲ್ಟ್ ತಕ್ಷಣ ಹೋಗದೆ ಪ್ಯಾನೆಲ್ಲೇ ಸುಟ್ಟುಹೋಗಬಹುದು.

ಇನ್ನೊಂದು ನನ್ನ ಕಣ್ಣೆದುರು ಆದದ್ದು. ಒಂದು 33 ಕೆವಿ ಲೈನಿನ ಪ್ಯಾನೆಲ್, ಚಾರ್ಜ್ ಮಾಡುವ ಮುಂಚಿನ ಟೆಸ್ಟಿಂಗ್. ರಾತ್ರಿ ಹತ್ತೂವರೆ ದಾಟಿತ್ತು. ಪ್ಯಾನೆಲ್ ಮೇಲೆ ‘ಆಟೋ ರೀಕ್ಲೋಸ್ ಆನ್/ಆಫ್’ ಸ್ವಿಚ್ ಇತ್ತು. ಲೈನ್ ಪಕ್ಕ ಮರ ಕಡಿಯುವಾಗ, ಹಾಟ್‌ಲೈನ್ (ಕರೆಂಟ್ ಇರುವಾಗಲೇ ಮಾಡುವ) ಕೆಲಸ ನಡೆಯುವಾಗ ಅದನ್ನು ಆಫ್‌ಗೆ ತಿರುಗಿಸುತ್ತಾರೆ. ಏನಾದರೂ ತಾಗಿ ಟ್ರಿಪ್ ಆದರೆ ಲೈನ್ ತಾನಾಗಿ ಮತ್ತೆ ಚಾರ್ಜ್ ಆಗಬಾರದು. ಆಫ್‌ಗೆ ತಿರುಗಿಸಿದರೆ ಮುಚ್ಚುವ ಕಾಂಟ್ಯಾಕ್ಟ್ ಇನ್104ಕ್ಕೆ ಬಂದಿತ್ತು. ಸಮೀಕರಣ ಬರೆದದ್ದು ನಾನೇ:

79ಡಿಟಿಎಲ್ = ಇನ್104

79ಡಿಟಿಎಲ್ 1 ಆದರೆ ರೀಕ್ಲೋಸ್ ಲಾಕ್‌ಔಟ್‌ಗೆ ಹೋಗಿ ಕೂರುತ್ತದೆ, ಬ್ರೇಕರ್ ತಾನಾಗಿ ಹಾಕಿಕೊಳ್ಳುವುದಿಲ್ಲ. ಇದಕ್ಕಿಂತ ಸರಳ ಸಮೀಕರಣ ಇಲ್ಲ. ! ಕೂಡ ಇಲ್ಲ. ಸ್ವಿಚ್ ಆಫ್‌ಗೆ ತಿರುಗಿಸಿ, ಟೆಸ್ಟ್ ಕಿಟ್‌ನಿಂದ ಫಾಲ್ಟ್ ಕರೆಂಟ್ ಕೊಟ್ಟೆವು. ಬ್ರೇಕರ್ ಢಬ್ ಅಂತ ತೆರೆಯಿತು. ಜೊತೆಗಿದ್ದ ಹುಡುಗ ‘ಆಯ್ತು ಸಾರ್’ ಅಂತ ಹಾಳೆ ಮೇಲೆ ಟಿಕ್ ಹಾಕಲು ಪೆನ್ನು ತೆಗೆದ. ಆಗ ಬ್ರೇಕರ್ ಮತ್ತೆ ಹಾಕಿಕೊಂಡಿತು.

ರಿಲೇ ಒಳಗಿನ ಘಟನೆ ಪಟ್ಟಿ ತೆಗೆದೆವು:

22:41:07.310 51ಪಿಟಿ ಬಂತು
22:41:07.310 ಟ್ರಿಪ್ ಬಂತು
22:41:07.365 52ಎ ಹೋಯಿತು
22:41:07.490 ಟ್ರಿಪ್ ಹೋಯಿತು
22:41:08.490 ಕ್ಲೋಸ್ ಬಂತು
22:41:08.560 52ಎ ಬಂತು

ಪಟ್ಟಿ ಓದಿದರೆ ರಿಲೇಯ ತಪ್ಪು ಏನೂ ಇಲ್ಲ. ಟ್ರಿಪ್ ಕರೆಕ್ಟಾಗಿ 180 ಮಿಲಿಸೆಕೆಂಡ್ ಹಿಡಿದಿದೆ. ಒಂದು ಸೆಕೆಂಡ್ ಕಾದು ಕ್ಲೋಸ್ ಕೊಟ್ಟಿದೆ. ಇನ್104 ಮಾತ್ರ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಹಿಂದಿನ ವಾರವೇ ಆ ಇನ್‌ಪುಟ್ ಪರೀಕ್ಷೆ ಮಾಡಿ ಟಿಕ್ ಹಾಕಿದ್ದೆವು. ಆಮೇಲೆ ಟರ್ಮಿನಲ್ ಬ್ಲಾಕ್ ಬದಲಾಯಿಸಿದ್ದರು. ಟಾರ್ಚ್ ಬಿಟ್ಟು ನೋಡಿದರೆ ವೈರ್ ಅದರ ಜಾಗದಲ್ಲೇ ಇದೆ, ಫೆರೂಲ್ ಸರಿ ಇದೆ, ಸ್ಕ್ರೂ ಬಿಗಿ ಇದೆ. ಎಳೆದರೆ ಬರುವುದಿಲ್ಲ. ಸ್ಕ್ರೂ ಕಚ್ಚಿಕೊಂಡಿದ್ದದ್ದು ತಾಮ್ರವನ್ನಲ್ಲ, ಮೇಲಿನ ಪ್ಲಾಸ್ಟಿಕ್ಕನ್ನು.

ವೈರ್ ಸರಿಯಾಗಿ ಕಟ್ಟಿದರೆ ಮುಗಿಯಿತು ಅನ್ನಬಹುದಿತ್ತು. ಆದರೆ ಚಾರ್ಜ್ ಆದ ಮೇಲೆ, ಇನ್ನೈದು ವರ್ಷ ಬಿಟ್ಟು, ಅದೇ ವೈರ್ ಸಡಿಲವಾದರೆ ಯಾರಿಗೆ ಗೊತ್ತಾಗುತ್ತದೆ? ಸ್ವಿಚ್ ಆಫ್ ಕಡೆ ತೋರಿಸುತ್ತಿರುತ್ತದೆ, ಮರ ಹತ್ತಿದವನು ಅದನ್ನು ನಂಬಿರುತ್ತಾನೆ. ನಾನು ! ಬರೆಯದಿದ್ದರೂ ‘ಅಲ್ಲ’ ಅಲ್ಲಿ ಅಡಗಿತ್ತು. ‘ಆಫ್ ಅಂತ ಯಾರೂ ಹೇಳಲಿಲ್ಲ, ಹಾಗಾದರೆ ಆನ್’ ಅಂತ ರಿಲೇ ತಿಳಿದುಕೊಂಡಿತ್ತು. ಹಾಗೆ ತಿಳಿದುಕೊಳ್ಳಲು ಹೇಳಿದವನು ನಾನು.

ಸ್ವಿಚ್ಚಿನ ಇನ್ನೊಂದು ಕಾಂಟ್ಯಾಕ್ಟ್ ಖಾಲಿ ಇತ್ತು, ಆನ್ ಕಡೆ ತಿರುಗಿಸಿದರೆ ಮುಚ್ಚುವುದು. ವೈರನ್ನು ಅದಕ್ಕೆ ಬದಲಾಯಿಸಿ, ಸಮೀಕರಣಕ್ಕೆ ಒಂದೇ ಒಂದು ಗುರುತು ಸೇರಿಸಿದೆವು:

79ಡಿಟಿಎಲ್ = !ಇನ್104

ಈಗ ‘ಆನ್’ ಅಂತ ಡಿಸಿ ಬಂದು ಹೇಳಿದರೆ ಮಾತ್ರ ರೀಕ್ಲೋಸ್. ವೈರ್ ಕಡಿದರೆ, ಫ್ಯೂಸ್ ಹೋದರೆ, ಸ್ವಿಚ್ ಕೆಟ್ಟರೆ ಲಾಕ್‌ಔಟ್. ಲೈನ್ ಒಂದು ಸಲ ಸುಮ್ಮನೆ ಆಫ್ ಆಗಿ ಉಳಿಯಬಹುದು, ಆಪರೇಟರ್ ಬಂದು ಕೈಯಿಂದ ಹಾಕಬೇಕಾಗಬಹುದು. ಆಗಲಿ.

ಡ್ರಾಯಿಂಗ್ ಮೇಲೆ ಕೆಂಪು ಪೆನ್ನಿನಲ್ಲಿ ತಿದ್ದಿದೆವು. ಸ್ವಿಚ್ ಆಫ್ ಇಟ್ಟು ಟೆಸ್ಟ್ ಮಾಡಿದೆವು, ಆನ್ ಇಟ್ಟು ಮಾಡಿದೆವು. ಮೂರನೆಯದು ಟೆಸ್ಟ್ ಹಾಳೆಯಲ್ಲಿ ಇರಲಿಲ್ಲ, ಹುಡುಗನೇ ಕೇಳಿದ: ‘ಸಾರ್, ಸ್ವಿಚ್ ಆನ್ ಇರಲಿ, ವೈರ್ ಬಿಚ್ಚಿ ನೋಡೋಣ್ವಾ?’ ಬಿಚ್ಚಿದ. ಫಾಲ್ಟ್ ಕೊಟ್ಟೆವು. ಬ್ರೇಕರ್ ತೆರೆಯಿತು. ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು. ಒಂದು ಸೆಕೆಂಡ್ ಕಳೆಯಿತು, ಎರಡು, ಹತ್ತು. ಲಾಕ್‌ಔಟ್ ದೀಪ ಹತ್ತಿಕೊಂಡೇ ಇತ್ತು. ಹಾಳೆಯ ಕೆಳಗೆ ಕೈಯಲ್ಲೇ ಒಂದು ಸಾಲು ಎಳೆದು, ‘ವೈರ್ ಬಿಚ್ಚಿ’ ಅಂತ ಬರೆದು, ಅವನು ಟಿಕ್ ಹಾಕಿದ.